ಘಟ್ಟದ ಈಚೆ ಮಳೆ, ಆಚೆ ಗಾಳಿ

ಬೇಸಿಗೆಯ ರಜೆ ಕಳೆದು ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆಯುವಾಗ ಕರಾವಳಿಯ ನಾವು ಕೊಡೆಯಿಲ್ಲದೆ ಹೊಸ್ತಿಲು ದಾಟುವಂತಿಲ್ಲ. ಅದೇ ವಾರ ಚಳ್ಳಕೆರೆಯ ಕಡೆಯಿಂದ ವಸತಿಗೃಹಕ್ಕೆ ಬರುವ ಹುಡುಗಿಯು, ತಮ್ಮೂರಿನಲ್ಲಿ ಧೂಳೆಬ್ಬಿಸುವ ಗಾಳಿಯ ಹೊರತು ಇನ್ನೇನೂ ಬಂದಿಲ್ಲವೆನ್ನುತ್ತಾಳೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ಈ ವಾದವು ನೆನಪಿರಬಹುದು. ಇಬ್ಬರ ಮಾತೂ ನಿಜವೇ. ಇಬ್ಬರ ಊರಿಗೂ ಬೀಸುವ ಗಾಳಿಯು ಒಂದೇ; ನಡುವೆ ಪಶ್ಚಿಮಘಟ್ಟವು ನಿಂತಿದೆ.

ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 150 ಅಂಗುಲ ಮಳೆಯಾಗುವುದು. ಸುಮಾರು 2,100 ಅಡಿ ಎತ್ತರದಲ್ಲಿರುವ ಆಗುಂಬೆಯಲ್ಲಿ ಅದು 300 ಅಂಗುಲದ ಆಸುಪಾಸಿಗೆ ಏರುತ್ತದೆ. ಅಲ್ಲಿಂದ ಪೂರ್ವಕ್ಕೆ ಇಳಿದು ತೀರ್ಥಹಳ್ಳಿಗೆ ಬಂದರೆ ಅದರ ಅರ್ಧವೂ ಇಲ್ಲ. ಶಿವಮೊಗ್ಗೆಯಲ್ಲಿ ಇನ್ನೂ ಕಡಿಮೆ. ಚಳ್ಳಕೆರೆಯಲ್ಲಂತೂ 20 ಅಂಗುಲವೂ ಬೀಳದು. ಇವೆಲ್ಲವೂ ಒಂದು ಹಗಲಿನ ಪ್ರಯಾಣದೊಳಗಿನ ಊರುಗಳು.

ಬೆಟ್ಟವು ಮೋಡಗಳನ್ನು ಅಡ್ಡಗಟ್ಟಿ ನಿಲ್ಲಿಸುತ್ತದೆಂದು ನಾವೆಲ್ಲರೂ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಈ ಮಾತಿನಲ್ಲಿ ಅರ್ಧ ಸತ್ಯ ಮಾತ್ರವೇ ಉಂಟು. ಬೆಟ್ಟವು ತಾನೇ ಮೋಡವನ್ನು ಉಂಟುಮಾಡುತ್ತದೆಂಬುದು ಉಳಿದರ್ಧ. ಹೇಗೆಂದರೆ, ಅರಬ್ಬೀ ಸಮುದ್ರದ ಮೇಲಿನಿಂದ ಬರುವ ಗಾಳಿಯು ಕಣ್ಣಿಗೆ ಕಾಣದ ನೀರಾವಿಯನ್ನು ಹೊತ್ತಿರುತ್ತದೆ. ಘಟ್ಟವು ಎದುರಾದಾಗ ಅದು ಮೇಲಕ್ಕೇರಬೇಕಾಗುವುದು. ಎತ್ತರದಲ್ಲಿ ಒತ್ತಡವು ಕಡಿಮೆ. ಆದುದರಿಂದ ಏರಿದ ಗಾಳಿಯು ಹಿಗ್ಗುತ್ತದೆ, ಹಿಗ್ಗಿದರೆ ತಣಿಯುತ್ತದೆ. ಸೈಕಲ್ಲಿನ ಚಕ್ರಕ್ಕೆ ಗಾಳಿ ಒತ್ತುವಾಗ ಪಂಪು ಬಿಸಿಯಾಗುವುದನ್ನೂ, ಚಕ್ರದಿಂದ ಹೊರಬಿಟ್ಟ ಗಾಳಿಯು ಬೆರಳಿಗೆ ತಣ್ಣಗೆ ತಾಗುವುದನ್ನೂ ನೋಡಿದವರಿಗೆ ಇದು ಹೊಸತಲ್ಲ. ಹೀಗೆ ಪ್ರತಿ 1,000 ಅಡಿಗೆ ಸುಮಾರು 3 ಸೆಂಟಿಗ್ರೇಡ್ ಡಿಗ್ರಿಯಂತೆ ತಣಿಯುತ್ತ ಹೋದ ಗಾಳಿಯು ಒಂದು ಮಟ್ಟದಲ್ಲಿ ತನ್ನ ಆವಿಯನ್ನು ಹೊರಲಾರದೆ ಹೋಗುತ್ತದೆ. ಆವಿಯು ಹನಿಗಟ್ಟಿ ಮೋಡವಾಗುತ್ತದೆ, ಮಳೆಯಾಗಿ ಸುರಿಯುತ್ತದೆ. ಶಿಖರದ ಮೇಲೆ ಕದಲದೆ ಕುಳಿತಂತೆ ಕಾಣುವ ಮೋಡವೂ ವಾಸ್ತವವಾಗಿ ಕುಳಿತಿರುವುದಿಲ್ಲ. ಗಾಳಿ ಏರುವ ಕಡೆ ಕ್ಷಣಕ್ಷಣಕ್ಕೂ ಹುಟ್ಟಿ, ಇಳಿಯುವ ಕಡೆ ಕರಗುತ್ತಿರುತ್ತದೆ.

ಇನ್ನು ಆಚೆಯ ಕಥೆ. ಆವಿಯು ನೀರಾಗುವಾಗ ತನ್ನಲ್ಲಿ ಅಡಗಿದ್ದ ಉಷ್ಣವನ್ನು ಗಾಳಿಗೇ ಬಿಟ್ಟುಕೊಡುವುದರಿಂದ, ಮೋಡದೊಳಗೆ ಏರುವ ಗಾಳಿಯು ಮೊದಲಿನಷ್ಟು ಬೇಗ ತಣಿಯುವುದಿಲ್ಲ. ನೀರನ್ನು ಕಳೆದುಕೊಂಡು ಪೂರ್ವಕ್ಕೆ ಇಳಿಯುವಾಗಲಾದರೋ ಅದು 1,000 ಅಡಿಗೆ ಪೂರಾ 3 ಡಿಗ್ರಿಯಂತೆ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಅದರಲ್ಲಿ ಮೋಡ ಕಟ್ಟುವುದು ಕಷ್ಟ. ಬಯಲುಸೀಮೆಯ ಆಷಾಢದ ಗಾಳಿಯೆಂದರೆ ಇದೇ: ನಮ್ಮ ಕರಾವಳಿಯನ್ನು ತೋಯಿಸಿ, ಬರಿಗೈಯಲ್ಲಿ ಅಲ್ಲಿಗೆ ಹೋದ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳು ಅದರಿಂದ ವಿದ್ಯುತ್ತನ್ನು ತೆಗೆಯುತ್ತಿವೆ. ರೈತನು ಮಾತ್ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಗುಡುಗುಮಳೆಗಾಗಿ ಮುಗಿಲು ನೋಡುತ್ತಿರುತ್ತಾನೆ.

ಹಾಗಾದರೆ ಘಟ್ಟವು ಬಯಲುಸೀಮೆಗೆ ಶತ್ರುವೆ? ಹಾಗೆನ್ನಲಾಗದು. ತುಂಗೆ, ಭದ್ರೆ, ಕಾವೇರಿಗಳು ಸಮುದ್ರದ ಸಮೀಪದಲ್ಲಿಯೇ ಹುಟ್ಟಿಯೂ ಅದಕ್ಕೆ ಬೆನ್ನುಮಾಡಿ ಪೂರ್ವಕ್ಕೆ ಹರಿಯುತ್ತವೆ. ಆದರೆ ಎಲ್ಲರ ಪಾಲೂ ಸಮನಲ್ಲ. 6,300 ಅಡಿಗೂ ಮಿಕ್ಕಿದ ಮುಳ್ಳಯ್ಯನಗಿರಿಯನ್ನುಳ್ಳ ಬಾಬಾಬುಡನ್ ಸಾಲಿನ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾವತಿಗೆ ದೊರೆಯುವುದು ಶಿಖರಗಳನ್ನು ದಾಟಿ ಉಳಿದ ಮಳೆ ಮಾತ್ರ. ಈ ಬಡನದಿಗೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಕಟ್ಟೆಯನ್ನು ಕಟ್ಟಲು ತೊಡಗಿದುದು 1898ರಲ್ಲಿ. ಮೈಸೂರಿನ ಆಡಳಿತವು ಆಗ ಒಬ್ಬ ಸ್ತ್ರೀಯ ಕೈಯಲ್ಲಿತ್ತೆಂಬುದನ್ನು ನಮ್ಮ ಹುಡುಗಿಯರಿಗೆ ಹೇಳದೆ ಇರಲಾರೆವು. ಜಲಾಶಯಕ್ಕೆ ವಾಣೀವಿಲಾಸ ಸಾಗರವೆಂದು ಆ ಮಹಾರಾಣಿಯವರ ಹೆಸರೇ ಉಂಟು. 1907ರಲ್ಲಿ ಮುಗಿದ ಈ ಕಟ್ಟೆಯು ತುಂಬಿ ಕೋಡಿ ಬಿದ್ದುದು 1933ರಲ್ಲಿ. ಮತ್ತೆ ಕೋಡಿ ಬೀಳಲು 2022ರ ಮಳೆಗಾಲ ಬರಬೇಕಾಯಿತು. ಅಷ್ಟರಲ್ಲಿ ಭದ್ರೆಯ ನೀರನ್ನೂ ಎತ್ತಿ ಅಲ್ಲಿಗೆ ಹರಿಸತೊಡಗಿದ್ದರು. ಎಂಬತ್ತೊಂಬತ್ತು ವರ್ಷ! ಮೊದಲನೆಯದನ್ನು ತಾಯಿಯ ಸೊಂಟದ ಮೇಲಿಂದ ನೋಡಿದ ಮಗುವು ಎರಡನೆಯದನ್ನು ಮುತ್ತಜ್ಜಿಯಾಗಿ ನೋಡಿರಬೇಕು.