ಸಿ.ಡಿ. ತಿರುಗುತ್ತಿದೆ, ಹಾಡೇಕೆ ಕೇಳುತ್ತಿಲ್ಲ?

ಮನೆಯ ಕಂಪ್ಯೂಟರಿಗೆ ಹಾಡಿನ ಸಿ.ಡಿ. ಹಾಕುತ್ತೀರಿ. ತಟ್ಟೆ ತಿರುಗುವ ಸದ್ದು ಕೇಳುತ್ತದೆ. ಪರದೆಯ ಮೇಲೆ ನಿಮಿಷ, ಸೆಕೆಂಡುಗಳು ಓಡುತ್ತವೆ. ಸ್ಪೀಕರ್ ಮಾತ್ರ ಮೌನ. ಕೆಟ್ಟಿರುವುದು ಸ್ಪೀಕರೋ, ಸಿ.ಡಿ.ಯೋ, ಡ್ರೈವೋ? ರಿಪೇರಿಗೆ ಹಣ ತೆರುವ ಮುನ್ನ, ಹಾಡು ಯಾವ ದಾರಿಯಲ್ಲಿ ಕಿವಿಗೆ ಬರುತ್ತದೆಂದು ತಿಳಿಯೋಣ. ದಾರಿ ಗೊತ್ತಾದರೆ, ಅದು ಎಲ್ಲಿ ಕಡಿದಿದೆ ಎಂಬುದನ್ನು ನೀವೇ ಪತ್ತೆಹಚ್ಚಬಹುದು.

ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಕೂಡಿ ರೂಪಿಸಿದ ಆಡಿಯೋ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿ ಧ್ವನಿ ಇರುವುದು ಅಂಕಿಗಳ ರೂಪದಲ್ಲಿ. ಧ್ವನಿ ತರಂಗವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿರುತ್ತಾರೆ. ಎಡಗಿವಿಗೊಂದು, ಬಲಗಿವಿಗೊಂದು ಪ್ರತ್ಯೇಕ ಅಳತೆ. ಲೇಸರ್ ಕಿರಣ ಓದಿದ ಈ ಅಂಕಿಗಳು ಮತ್ತೆ ವಿದ್ಯುತ್ ತರಂಗಗಳಾದರೆ ಮಾತ್ರ ಸ್ಪೀಕರ್ ನುಡಿಯುತ್ತದೆ. ಈ ಪರಿವರ್ತನೆ ಎಲ್ಲಿ ನಡೆಯುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

1990ರ ದಶಕದ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಅದು ಡ್ರೈವಿನ ಒಳಗೇ ನಡೆಯುತ್ತಿತ್ತು. ಅಲ್ಲಿಂದ ಧ್ವನಿಯನ್ನು ಸೌಂಡ್ ಕಾರ್ಡಿಗೆ ಒಯ್ಯಲು ಒಂದು ತೆಳು ತಂತಿ ಇರುತ್ತಿತ್ತು. ಕಡತಗಳಿಗೆ ಬೇರೆಯದೇ ಅಗಲವಾದ ಪಟ್ಟಿತಂತಿ. ತೆಳು ತಂತಿ ಕಳಚಿದರೆ ಕಡತಗಳೆಲ್ಲ ತೆರೆಯುತ್ತವೆ, ಹಾಡು ಮಾತ್ರ ಕೇಳದು! ಅನಂತರ ಎರಡನೆಯ ದಾರಿ ರೂಢಿಗೆ ಬಂದಿತು. ಇದರಲ್ಲಿ ಅಂಕಿಗಳೇ ನೇರವಾಗಿ ಕಡತದ ತಂತಿಯಲ್ಲಿ ಸಾಗಿ, ಸೌಂಡ್ ಕಾರ್ಡಿನಲ್ಲಿ ಧ್ವನಿಯಾಗುತ್ತವೆ. ಯು.ಎಸ್.ಬಿ. ಡ್ರೈವುಗಳದು ಇದೇ ದಾರಿ.

ಈಗ ಪರೀಕ್ಷೆ. ಮೊದಲು ಹಾರ್ಡ್ ಡಿಸ್ಕಿನಲ್ಲಿರುವ ಬೇರೊಂದು ಹಾಡನ್ನು ನುಡಿಸಿ. ಕೇಳಿದರೆ ಸ್ಪೀಕರ್, ಸೌಂಡ್ ಕಾರ್ಡ್ ಎರಡೂ ನಿರ್ದೋಷಿ. ಒಂದೇ ಪರೀಕ್ಷೆಯಲ್ಲಿ ಅರ್ಧ ದಾರಿ ಮುಗಿಯಿತು.

ಹಳೆಯ ಡ್ರೈವಾದರೆ, ಅದರ ಮುಂಭಾಗದಲ್ಲಿ ಇಯರ್‌ಫೋನ್ ರಂಧ್ರವಿದೆಯೇ ನೋಡಿ. ಅಲ್ಲಿ ಹಾಡು ಕೇಳಿದರೆ ಸಿ.ಡಿ., ಲೇಸರ್, ಪರಿವರ್ತಕ ಎಲ್ಲವೂ ಸರಿಯಾಗಿವೆ. ದೋಷ ಡ್ರೈವಿಗೂ ಸೌಂಡ್ ಕಾರ್ಡಿಗೂ ನಡುವೆ. ಮೊದಲು ವಾಲ್ಯೂಮ್ ಕಂಟ್ರೋಲ್ ತೆರೆದು, ಸಿ.ಡಿ. ಆಡಿಯೋ ಮ್ಯೂಟ್ ಆಗಿದೆಯೇ ಪರೀಕ್ಷಿಸಿ. ಇಲ್ಲವಾದರೆ ತೆಳು ತಂತಿಯನ್ನು ನೋಡಬೇಕು. ಪೆಟ್ಟಿಗೆ ತೆರೆಯುವ ಮೊದಲು ಪ್ಲಗ್ ಕಿತ್ತಿರಲಿ. 2001ರ ವಿಂಡೋಸ್ ಎಕ್ಸ್‌ಪಿಯಂಥ ವ್ಯವಸ್ಥೆಯಲ್ಲಿ, ಡಿವೈಸ್ ಮ್ಯಾನೇಜರಿನ ಮೂಲಕ ಡಿಜಿಟಲ್ ಸಿ.ಡಿ. ಆಡಿಯೋ ಆಯ್ಕೆ ಮಾಡಿ, ತಂತಿಯಿಲ್ಲದೆಯೂ ಹಾಡಿಸಬಹುದು.

ಬೇರೊಂದು ಸಿ.ಡಿ. ಹಾಡಿ ಇದು ಮಾತ್ರ ಹಾಡದಿದ್ದರೆ ದೋಷ ತಟ್ಟೆಯದು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಲೂ ಉಜ್ಜಬೇಡಿ. ಅಂಕಿಗಳ ಸಾಲು ಸುರುಳಿಯಾಗಿರುವುದರಿಂದ, ಅಡ್ಡಗೀರು ಪ್ರತಿ ಸುತ್ತಿನಲ್ಲೂ ಅಲ್ಪಭಾಗವನ್ನಷ್ಟೇ ಕೆಡಿಸುತ್ತದೆ. ಆ ಕೊರತೆಯನ್ನು ಡ್ರೈವ್ ಲೆಕ್ಕಹಾಕಿ ತುಂಬಿಕೊಳ್ಳಬಲ್ಲದು. ಸುತ್ತುಗೀರು ಸಾಲಿನುದ್ದಕ್ಕೂ ಅಳಿಸುತ್ತದೆ. ಹೆಸರು ಬರೆಯುವ ಮೇಲ್ಮೈ ಇನ್ನೂ ನಾಜೂಕು. ಹೊಳೆಯುವ ಪದರ ಇರುವುದು ಅದರ ಕೆಳಗೇ, ತೆಳು ಲೇಪದಡಿಯಲ್ಲಿ. ಬಾಲ್‌ಪೆನ್ ತಾಗಿಸಬೇಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ವಿಂಡೋಸ್‌ನಲ್ಲಿ ಆಡಿಯೋ ಸಿ.ಡಿ. ತೆರೆದಾಗ, ಸಿ.ಡಿ.ಎ. ಎಂದು ಕೊನೆಗೊಳ್ಳುವ ಕಡತಗಳು ಕಾಣುತ್ತವೆ. ಪ್ರತಿಯೊಂದೂ ಬರೇ 44 ಬೈಟ್. ಒಂದು ನಿಮಿಷದ ಹಾಡಿಗೆ ಎಷ್ಟು ಬೈಟ್ ಬೇಕೆಂದು ನೀವೇ ಗುಣಿಸಿ: 44,100 ಅಳತೆ, ಅಳತೆಗೆ 2 ಬೈಟ್, 2 ಕಿವಿ, 60 ಸೆಕೆಂಡು. ಒಂದು ಕೋಟಿಯನ್ನೂ ಮೀರುತ್ತದೆ! ಅಂದಮೇಲೆ ಆ ಕಡತದಲ್ಲಿ ಹಾಡಿಲ್ಲ, ಹಾಡಿರುವ ಜಾಗದ ವಿಳಾಸವಷ್ಟೇ ಇದೆ. ಅದನ್ನು ನಕಲು ಮಾಡಿಕೊಂಡು, ಅಜ್ಜಿ ಹಾಡಿದ ಸೋಬಾನೆಯ ಒಂದೇ ಒಂದು ಸಿ.ಡಿ.ಯನ್ನು ಎಸೆದರೆ ಉಳಿಯುವುದು ವಿಳಾಸ ಮಾತ್ರ. ಸಿ.ಡಿ.ಯಿಂದ ಧ್ವನಿಯನ್ನೇ ತೆಗೆದುಕೊಡುವ ತಂತ್ರಾಂಶ ಬಳಸಿ, ನಕಲನ್ನು ಕೊನೆಯವರೆಗೂ ಕೇಳಿ ನೋಡಿ. ಆಮೇಲೂ ಮೂಲವನ್ನು ಜೋಪಾನವಾಗಿಡಿ.