ಚಾರ್ಜ್ ಆಗದ ಬ್ಯಾಟರಿ ವಾಹನ: ದೋಷ ಇರುವುದೆಲ್ಲಿ?

ಹಂಪಿಯ ಗೆಜ್ಜಲ ಮಂಟಪದಿಂದ ವಿಜಯ ವಿಠ್ಠಲ ದೇವಾಲಯದವರೆಗೆ ಪ್ರವಾಸಿಗರನ್ನು ಕರೆದೊಯ್ಯುವ ಹಾಗೂ ಮೈಸೂರು ಮೃಗಾಲಯದಲ್ಲಿ ನಡೆಯಲಾರದವರಿಗೆ ಆಸರೆಯಾಗಿರುವ ಬ್ಯಾಟರಿ ಚಾಲಿತ ವಾಹನಗಳು ಗಾಲ್ಫ್ ಕಾರ್ಟ್‌ನ ಬಳಗಕ್ಕೆ ಸೇರಿದವು. ಗಾಲ್ಫ್ ಮೈದಾನಗಳಲ್ಲಿ ಹೆಸರಾದ ಈ ಬಗೆಯ ವಾಹನ ಇಂದು ಆಸ್ಪತ್ರೆ, ವಸತಿ ಸಮುಚ್ಚಯ ಮತ್ತು ರೆಸಾರ್ಟ್‌ಗಳ ಆವರಣದಲ್ಲಿಯೂ ಓಡಾಡುತ್ತಿದೆ. ಹೊಗೆಯಿಲ್ಲ, ಸದ್ದಿಲ್ಲ ಎಂಬುದು ಇದರ ಹೆಗ್ಗಳಿಕೆ. ಆದರೆ ರಾತ್ರಿಯಿಡೀ ಚಾರ್ಜ್‌ಗೆ ಹಾಕಿದ್ದ ವಾಹನ ಬೆಳಿಗ್ಗೆ ಅರ್ಧ ದಾರಿಯಲ್ಲಿಯೇ ನಿಂತುಬಿಟ್ಟರೆ, ವಯೋವೃದ್ಧರನ್ನು ಬಿಸಿಲಲ್ಲಿ ಇಳಿಸಿ ನಡೆಸಬೇಕಾದ ಪ್ರಸಂಗ ಬರುತ್ತದೆ.

ಇಂತಹ ವೇಳೆ 'ಬ್ಯಾಟರಿ ಹೋಯಿತು' ಎಂದು ತೀರ್ಮಾನಿಸಿ ಇಡೀ ಸೆಟ್ ಬದಲಾಯಿಸುವುದುಂಟು. ಬ್ಯಾಟರಿಗಳೇ ಈ ವಾಹನದ ಅತಿ ದುಬಾರಿ ಭಾಗಗಳಲ್ಲೊಂದು. ಹೀಗಿರುವಾಗ ದೋಷದ ಮೂಲವನ್ನು ಕ್ರಮಬದ್ಧವಾಗಿ ಪತ್ತೆಹಚ್ಚದೆ ಹಣ ಸುರಿಯುವುದು ಜಾಣತನವಲ್ಲ. ತುಕ್ಕು ಹಿಡಿದ ಒಂದು ಕೇಬಲ್ ಅಥವಾ ನೀರು ಆರಿದ ಒಂದು ಸೆಲ್ ಕೂಡ ಇಡೀ ವಾಹನವನ್ನು ನಿಲ್ಲಿಸಬಲ್ಲದು.

ರಚನೆ ಹೇಗೆ?

ಇಂತಹ ಬಹಳಷ್ಟು ವಾಹನಗಳಲ್ಲಿ ಸೀಸ-ಆಮ್ಲದ ಬ್ಯಾಟರಿಗಳಿರುತ್ತವೆ. ಫ್ರೆಂಚ್ ವಿಜ್ಞಾನಿ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ತತ್ತ್ವವೇ ಇವಕ್ಕೂ ಆಧಾರ. ಪ್ರತಿ ಸೆಲ್ ಸುಮಾರು 2 ವೋಲ್ಟ್ ನೀಡುತ್ತದೆ. 8 ವೋಲ್ಟ್‌ನ ಆರು ಬ್ಯಾಟರಿಗಳನ್ನು ಸರಪಣಿಯಂತೆ ಜೋಡಿಸಿದರೆ 48 ವೋಲ್ಟ್, 6 ವೋಲ್ಟ್‌ನ ಆರನ್ನು ಜೋಡಿಸಿದರೆ 36 ವೋಲ್ಟ್ ದೊರೆಯುತ್ತದೆ. ಸರಪಣಿಯ ಒಂದು ಕೊಂಡಿ ಸಡಿಲವಾದರೆ ಇಡೀ ಸರಪಣಿಯೇ ದುರ್ಬಲವಾಗುವಂತೆ, ಇಲ್ಲಿ ಒಂದು ಬ್ಯಾಟರಿ ಕೆಟ್ಟರೆ ಅದರ ಪರಿಣಾಮ ಉಳಿದೆಲ್ಲದರ ಮೇಲೂ ಆಗುತ್ತದೆ.

ಪರೀಕ್ಷೆ ಹೊರಗಿನಿಂದ ಒಳಕ್ಕೆ

ಮೊದಲು ನೋಡಬೇಕಾದುದು ಗೋಡೆಯ ಸಾಕೆಟ್. ಅದರಲ್ಲಿ ವಿದ್ಯುತ್ ಇದೆಯೇ ಎಂಬುದನ್ನು ಬೇರೊಂದು ಉಪಕರಣ ಹಾಕಿ ಖಚಿತಪಡಿಸಿಕೊಳ್ಳಬೇಕು. ಉದ್ದನೆಯ ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಬಳಸಿದ್ದರೆ ಅದನ್ನು ತೆಗೆದು ನೇರವಾಗಿ ಜೋಡಿಸಬೇಕು. ಬಳಿಕ ಚಾರ್ಜರ್‌ನ ಪ್ಲಗ್ ಮತ್ತು ವಾಹನದಲ್ಲಿರುವ ಅದರ ಕಿಂಡಿಯನ್ನು ಪರಿಶೀಲಿಸಬೇಕು. ಲೋಹದ ಪಟ್ಟಿಗಳು ಕಪ್ಪಾಗಿದ್ದರೆ, ಪ್ಲಾಸ್ಟಿಕ್ ಕರಗಿದ್ದರೆ ಸಂಪರ್ಕ ಸಡಿಲವಾಗಿ ಬಿಸಿಯೇರಿದೆ ಎಂದರ್ಥ.

ಮುಂದಿನದು ಬ್ಯಾಟರಿಗಳ ಟರ್ಮಿನಲ್. ಇಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿಕೊಂಡಿದ್ದರೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒರೆಸಿ, ನಟ್‌ಗಳನ್ನು ಬಿಗಿಗೊಳಿಸಬೇಕು. ಸೋಡಾ ನೀರು ಬ್ಯಾಟರಿಯೊಳಗೆ ಹೋಗದಂತೆ ಮುಚ್ಚಳಗಳನ್ನು ಭದ್ರವಾಗಿ ಮುಚ್ಚಿರುವುದು ಅಗತ್ಯ.

ವೋಲ್ಟ್‌ಮೀಟರ್ ಏನು ಹೇಳುತ್ತದೆ?

ಚಾರ್ಜ್ ಮಾಡಿದ ಕೂಡಲೇ ಅಳೆದರೆ ವೋಲ್ಟೇಜ್ ಇರುವುದಕ್ಕಿಂತ ಹೆಚ್ಚಾಗಿ ಕಾಣಿಸುತ್ತದೆ. ಆದ್ದರಿಂದ ಕೆಲವು ಗಂಟೆ ಬಿಟ್ಟು ಅಳೆಯುವುದು ಸೂಕ್ತ. 48 ವೋಲ್ಟ್‌ನ ಸೆಟ್ ಪೂರ್ಣ ಚಾರ್ಜ್ ಆಗಿದ್ದರೆ ಸುಮಾರು 50.9 ವೋಲ್ಟ್ ತೋರಿಸಬೇಕು. ಸುಮಾರು 48.4 ಇದ್ದರೆ ಅರ್ಧ ಮಾತ್ರ ಉಳಿದಿದೆ ಎಂದು ತಿಳಿಯಬಹುದು.

ಇಲ್ಲೊಂದು ವಿಚಿತ್ರವಿದೆ. ಹಳೆಯ ಮಾದರಿಯ ಅನೇಕ ಚಾರ್ಜರ್‌ಗಳು ಬ್ಯಾಟರಿಯಲ್ಲಿ ಕನಿಷ್ಠ ವೋಲ್ಟೇಜ್ ಇದ್ದರಷ್ಟೇ ಚಾಲನೆಗೊಳ್ಳುತ್ತವೆ, ಏಕೆಂದರೆ ಒಳಗಿನ ರಿಲೇಯನ್ನು ಎಳೆಯುವ ಶಕ್ತಿ ಬ್ಯಾಟರಿಯಿಂದಲೇ ಬರಬೇಕು. ಹಲವು ವಾರ ನಿಲ್ಲಿಸಿದ್ದ ವಾಹನದ ಬ್ಯಾಟರಿ ತೀರಾ ಬರಿದಾಗಿದ್ದರೆ ಚಾರ್ಜರ್ ಮೌನವಾಗಿರುತ್ತದೆ. ಆಗ ಕೆಟ್ಟಿರುವುದು ಚಾರ್ಜರ್ ಎಂದು ಭಾವಿಸುವುದು ತಪ್ಪಾಗಬಹುದು. ಪ್ರತಿ ಬ್ಯಾಟರಿಯನ್ನೂ ಅದರ ವೋಲ್ಟೇಜಿಗೆ ಹೊಂದುವ ಸಣ್ಣ ಚಾರ್ಜರ್‌ನಿಂದ ಪ್ರತ್ಯೇಕವಾಗಿ ಸ್ವಲ್ಪ ಕಾಲ ಚಾರ್ಜ್ ಮಾಡಿದರೆ ಮುಖ್ಯ ಚಾರ್ಜರ್ ಮತ್ತೆ ಕೆಲಸ ಆರಂಭಿಸುವ ಸಾಧ್ಯತೆ ಇದೆ.

ಇಂತಹ ಚಾರ್ಜರ್ ಗುಂಯ್‌ಗುಡುತ್ತಿದ್ದರೂ ಆಮ್ಮೀಟರ್‌ನ ಮುಳ್ಳು ಮೇಲೇಳದಿದ್ದರೆ ಅದರ ಫ್ಯೂಸ್ ಅಥವಾ ಡಯೋಡ್‌ಗಳ ಮೇಲೆ ಅನುಮಾನಪಡಬೇಕು. ಬ್ಯಾಟರಿಯಲ್ಲಿ ಸಾಕಷ್ಟು ವೋಲ್ಟೇಜ್ ಇದ್ದು, ಸದ್ದೂ ಬಾರದಿದ್ದರೆ ರಿಲೇ, ಟೈಮರ್ ಅಥವಾ ಒಳಬರುವ ವಿದ್ಯುತ್ತಿನ ದಾರಿಯಲ್ಲಿ ತೊಂದರೆ ಇರುತ್ತದೆ. ಚಾರ್ಜರನ್ನು ಬಿಚ್ಚುವ ಕೆಲಸ ಮಾತ್ರ ತಿಳಿದ ತಂತ್ರಜ್ಞರಿಗೇ ಬಿಡತಕ್ಕದ್ದು.

ರೋಗಿಯನ್ನು ಗುರುತಿಸುವುದು

ಚಾರ್ಜರ್ ಸರಿಯಾಗಿದ್ದೂ ವಾಹನ ಬೇಗ ಸೋಲುತ್ತಿದ್ದರೆ ಒಂದೊಂದೇ ಬ್ಯಾಟರಿಯನ್ನು ಅಳೆಯಬೇಕು. ಪೂರ್ಣ ಚಾರ್ಜ್ ಆದ 8 ವೋಲ್ಟ್ ಬ್ಯಾಟರಿ ಸುಮಾರು 8.5 ವೋಲ್ಟ್ ತೋರಿಸುತ್ತದೆ. ಉಳಿದೆಲ್ಲವೂ ಇಷ್ಟಿದ್ದು ಒಂದು ಮಾತ್ರ 7 ವೋಲ್ಟ್ ಆಸುಪಾಸಿನಲ್ಲಿದ್ದರೆ ದೋಷಿ ಅದೇ. ನಿಂತಾಗ ಸರಿ ಕಂಡ ಬ್ಯಾಟರಿಯೂ ಏರು ಹತ್ತುವಾಗ ಕುಸಿಯಬಹುದು. ಹೀಗಾಗಿ ಭಾರ ಬಿದ್ದಾಗಲೂ ಅಳೆಯುವುದು ಒಳಿತು.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಗಳಲ್ಲಿ ಹೈಡ್ರೋಮೀಟರ್ ಇನ್ನೂ ಖಚಿತವಾದ ಸಾಕ್ಷಿ. ಪೂರ್ಣ ಚಾರ್ಜ್ ಆದ ಸೆಲ್‌ನಲ್ಲಿ ಆಮ್ಲದ ಸಾಪೇಕ್ಷ ಸಾಂದ್ರತೆ ಸಾಮಾನ್ಯವಾಗಿ 1.26ರಿಂದ 1.28ರಷ್ಟಿರುತ್ತದೆ. ಸೆಲ್‌ಗಳ ನಡುವೆ 0.05ರಷ್ಟು ವ್ಯತ್ಯಾಸ ಕಂಡರೆ ಕಡಿಮೆ ಇರುವ ಸೆಲ್ ಕೆಟ್ಟಿರುವ ಸಂಭವ ಹೆಚ್ಚು.

ಸೆಟ್ ಇನ್ನೂ ಹೊಸದಾಗಿದ್ದರೆ ಕೆಟ್ಟ ಒಂದನ್ನಷ್ಟೇ ಬದಲಾಯಿಸಬಹುದು. ಹಳೆಯ ಸೆಟ್ಟಿಗೆ ಒಂದೇ ಹೊಸ ಬ್ಯಾಟರಿ ಸೇರಿಸಿದರೆ ಅದು ಹಳೆಯವುಗಳ ಭಾರ ಹೊತ್ತು ಬೇಗ ಸವೆಯುತ್ತದೆ.

ನೀರು ಮತ್ತು ಎಚ್ಚರ

ತಿಂಗಳಿಗೊಮ್ಮೆಯಾದರೂ, ಬೇಸಿಗೆಯಲ್ಲಿ ಇನ್ನೂ ಬೇಗ ನೀರಿನ ಮಟ್ಟ ನೋಡಬೇಕು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕೇ ಹೊರತು ನಲ್ಲಿ ನೀರನ್ನಾಗಲಿ ಆಮ್ಲವನ್ನಾಗಲಿ ಅಲ್ಲ. ಚಾರ್ಜ್ ಆಗುವಾಗ ದ್ರವ ಹಿಗ್ಗುವುದರಿಂದ ಚಾರ್ಜ್ ಮುಗಿದ ಮೇಲೆ ನೀರು ತುಂಬುವುದು ಸರಿ. ಪ್ಲೇಟ್‌ಗಳು ಹೊರಗೆ ಕಾಣುತ್ತಿದ್ದರೆ ಮಾತ್ರ ಅವು ಮುಳುಗುವಷ್ಟು ಮೊದಲೇ ಹಾಕಬೇಕು.

ಚಾರ್ಜ್ ಆಗುವಾಗ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 4 ಮೀರಿದರೆ ಒಂದು ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲದು. ಗಾಳಿಯಾಡುವ ಜಾಗದಲ್ಲಿಯೇ ಚಾರ್ಜ್ ಮಾಡಬೇಕು, ಬೀಡಿ-ಸಿಗರೇಟಿಗೆ ಅಲ್ಲಿ ಜಾಗವಿಲ್ಲ. ಪರೀಕ್ಷಿಸುವವರು ಉಂಗುರ, ಗಡಿಯಾರ ತೆಗೆದಿಟ್ಟು ಕನ್ನಡಕ, ಕೈಗವಸು ಧರಿಸಬೇಕು. ಎರಡು ಟರ್ಮಿನಲ್‌ಗಳ ನಡುವೆ ಸ್ಪ್ಯಾನರ್ ಬಿದ್ದರೆ ಭೀಕರ ಕಿಡಿ ಹಾರುತ್ತದೆ.

ಲಿಥಿಯಂ ಬ್ಯಾಟರಿಯ ವಾಹನಗಳಿಗೆ ಈ ಅಳತೆಗಳು ಅನ್ವಯಿಸವು. ಅವುಗಳಿಗೆ ಹೊಂದುವ ಚಾರ್ಜರ್ ಬೇರೆ, ಸೆಲ್‌ಗಳನ್ನು ಕಾಯುವ ವಿದ್ಯುನ್ಮಾನ ವ್ಯವಸ್ಥೆಯೂ ಒಳಗೇ ಇರುತ್ತದೆ.

ಸೀಸದ ಬ್ಯಾಟರಿಯನ್ನು ಬರಿದಾಗಿಯೇ ಬಿಟ್ಟರೆ ಪ್ಲೇಟ್‌ಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು, ಅದು ಚಾರ್ಜ್ ಹಿಡಿಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ದಿನದ ಓಡಾಟ ಮುಗಿದ ಸಂಜೆಯೇ ಚಾರ್ಜ್‌ಗೆ ಹಾಕುವುದು, ಪ್ರತಿ ಬ್ಯಾಟರಿಯ ವೋಲ್ಟೇಜನ್ನು ತಿಂಗಳಿಗೊಮ್ಮೆ ಪುಸ್ತಕದಲ್ಲಿ ಬರೆದಿಡುವುದು ಇವೆರಡೂ ಖರ್ಚಿಲ್ಲದ ಅಭ್ಯಾಸಗಳು. ಯಾವ ಬ್ಯಾಟರಿ ಸೋಲಲಾರಂಭಿಸಿದೆ ಎಂಬುದನ್ನು, ವಾಹನ ದಾರಿಯಲ್ಲಿ ನಿಲ್ಲುವ ಮೊದಲೇ ಆ ಪುಸ್ತಕ ತಿಳಿಸುತ್ತದೆ.