ಊರಿನ ಮನೆಗೊಂದು ಮರದ ಗೇಟು

ರಜೆಯಲ್ಲಿ ಊರಿಗೆ ತೆರಳುವ ಕರಾವಳಿಯ ನಮ್ಮವರಲ್ಲಿ ಹಲವರು, ಕೂಡಿಟ್ಟ ಹಣದಿಂದ ಅಂಗಳಕ್ಕೊಂದು ಮರದ ಗೇಟನ್ನು ಮಾಡಿಸುವುದುಂಟು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆ ನೆಲದಲ್ಲಿ ಗೇಟು ಎರಡೇ ವರ್ಷಗಳಲ್ಲಿ ಜೋತುಬಿದ್ದರೆ, ಬೆವರಿನ ಹಣ ನೀರುಪಾಲಾದಂತೆಯೇ ಸರಿ. ನಾವು ಪಟ್ಟಣಕ್ಕೆ ಮರಳಿದ ಮೇಲೆ ಅದನ್ನು ದಿನವೂ ಎತ್ತಿ ದೂಡಬೇಕಾದವರು ಮನೆಯಲ್ಲಿರುವ ವೃದ್ಧ ತಾಯಂದಿರು.

ಗೇಟಿನ ಭಾರವು ಚಿಲಕದ ಬದಿಯನ್ನು ಸದಾ ಕೆಳಕ್ಕೆ ಜಗ್ಗುತ್ತದೆ. ಆದುದರಿಂದ ಹಿಂಬದಿಯ ಓರೆಪಟ್ಟಿಯು ಕೆಳಗಿನ ಬಿಜಾಗರಿಯ ಮೂಲೆಯಿಂದ ಹೊರಟು ಚಿಲಕದ ಬದಿಯ ಮೇಲ್ಮೂಲೆಗೆ ಏರಬೇಕು. ಆಗ ಅದು ಊರುಗೋಲಿನಂತೆ ಭಾರವನ್ನು ಹೊರುತ್ತದೆ. ತಿರುಗುಮುರುಗಾದರೆ ಮೊಳೆಗಳೇ ಆ ಸೆಳೆತವನ್ನು ತಾಳಬೇಕು. ಅವು ಬಹುಕಾಲ ತಾಳಲಾರವು.

ಮರವು ತೇಗದ ಅಥವಾ ಹಲಸಿನ ಚೇಗಾಗಿರಲಿ. ಹೊರಗಿನ ಬಿಳಿಯ ಭಾಗಕ್ಕೆ ಗೆದ್ದಲು ಬೇಗ ಹತ್ತುತ್ತದೆ. ಬೇಸಿಗೆಯಲ್ಲಿ ಒಣಗಿದ ಹಲಗೆಗಳು ಮಳೆಯಲ್ಲಿ ಅಗಲಕ್ಕೆ ಉಬ್ಬುವುದರಿಂದ, ನಡುನಡುವೆ 3-4 ಮಿಲಿಮೀಟರ್ ಸಂದು ಇರಬೇಕು. ನೆಲದಿಂದ 2 ಅಂಗುಲ ಎತ್ತರವಿರಬೇಕು. ಹಲಗೆಯ ಕತ್ತರಿಸಿದ ತುದಿಗಳೇ ನೀರನ್ನು ಹೆಚ್ಚು ಹೀರುವುವು. ಜೋಡಿಸುವ ಮೊದಲೇ ಅವಕ್ಕೆ ಎರಡು ಮೂರು ಬಾರಿ ಬಣ್ಣ ಹಚ್ಚಿಸುವುದು ಲೇಸು.

ಕಂಬವು ಅಲುಗಿದರೆ ಆಚಾರ್ಯರ ಕೈಚಳಕವೂ ವ್ಯರ್ಥ. ಕೂಲಿಯ ಕೊನೆಯ ಕಂತನ್ನು ಕೊಡುವ ಮುನ್ನ, ಗಾಳಿಯಿಲ್ಲದ ವೇಳೆಯಲ್ಲಿ ಗೇಟನ್ನು ಅರ್ಧಕ್ಕೆ ತೆರೆದು ಕೈಬಿಟ್ಟು ನೋಡೋಣ. ಅದು ತಾನಾಗಿ ಚಲಿಸದೆ ನಿಂತಲ್ಲೇ ನಿಂತರೆ, ಬಿಜಾಗರಿಗಳು ನೆಟ್ಟಗೆ ಕೂತಿವೆಯೆಂದು ತಿಳಿಯಬಹುದು.